ಬರ್ಮಾದಲ್ಲಿ ಬೆಂಕಿ, ಮೈಸೂರಿನಲ್ಲಿ ಇದ್ದಿಲು

1942ರ ಮಾರ್ಚ್ 7ರಂದು ರಂಗೂನಿನ ಪಕ್ಕದ ಸಿರಿಯಂ ತೈಲ ಶುದ್ಧೀಕರಣ ಘಟಕಕ್ಕೆ ಬೆಂಕಿಯಿಟ್ಟವರು ಜಪಾನೀಯರಲ್ಲ, ಬ್ರಿಟಿಷರೇ. ಮರುದಿನ ಜಪಾನಿ ಸೇನೆ ರಂಗೂನನ್ನು ಹೊಕ್ಕಿತು. ಏಪ್ರಿಲ್ ನಡುವಿನ ಹೊತ್ತಿಗೆ ಯೆನಾಂಜೌಂಗ್‌ನ ಎಣ್ಣೆಬಾವಿಗಳಿಗೂ ಅದೇ ಗತಿಯಾಯಿತು. ಶತ್ರುವಿಗೆ ಒಂದು ಹನಿಯೂ ಸಿಗಬಾರದೆಂಬುದು ಲೆಕ್ಕಾಚಾರ. ಎಣ್ಣೆ ಸಿಗದೆ ಹೋದದ್ದು ಶತ್ರುವಿಗೆ ಮಾತ್ರವೇನಲ್ಲ. 1937ರವರೆಗೆ ಬ್ರಿಟಿಷ್ ಇಂಡಿಯಾದ್ದೇ ಪ್ರಾಂತ್ಯವಾಗಿದ್ದ ಬರ್ಮಾದಿಂದ ದಶಕಗಳಿಂದ ಹಡಗುಗಟ್ಟಲೆ ಸೀಮೆಎಣ್ಣೆ, ಪೆಟ್ರೋಲು ಭಾರತಕ್ಕೆ ಬರುತ್ತಿದ್ದವು. ಅಸ್ಸಾಮಿನ ದಿಗ್ಬೋಯಿ, ಪಂಜಾಬಿನ ಖೌರ್ ಬಾವಿಗಳ ಎಣ್ಣೆ ದೇಶಕ್ಕೆ ಸಾಲುತ್ತಿರಲಿಲ್ಲ. ಪರ್ಷಿಯಾ ಕೊಲ್ಲಿಯಿಂದ ತರಿಸೋಣವೆಂದರೆ ಹಡಗುಗಳೆಲ್ಲ ಯುದ್ಧದ ಕೆಲಸಕ್ಕೆ ಹೊರಟಿದ್ದವು.

ಪೆಟ್ರೋಲಿಗೆ 1941ರಲ್ಲೇ ರೇಷನ್ ಬಂದಿತ್ತು. ಬರ್ಮಾ ಕೈತಪ್ಪಿದ ಮೇಲೆ ಕೂಪನ್ನಿನ ಬಿಗಿ ಇನ್ನಷ್ಟು ಹೆಚ್ಚಿತು. ಇವತ್ತು ಎಣ್ಣೆಗೆ ತತ್ವಾರ ಬಂದರೆ ಬಂಕಿನ ಬೋರ್ಡಿನ ಮೇಲೆ ಅಂಕಿ ಏರುತ್ತದೆ. ಆಗ ಸರ್ಕಾರ ದರಕ್ಕೆ ಮೂಗುದಾರ ಹಾಕಿತ್ತು. ಹಾಗೆಂದು ಕೊರತೆಯ ಖರ್ಚು ಜನರಿಗೆ ತಪ್ಪಿತೆ? ಇಲ್ಲ, ಅದು ಬೇರೆ ಬಾಗಿಲಿನಿಂದ ಒಳಬಂತು: ಕಾಳಸಂತೆಯ ಬೆಲೆಯಾಗಿ, ಬಸ್ಸಿಗೆ ಕಾದ ಹೊತ್ತಾಗಿ, ಬೇಗ ಆರಿಸಿದ ದೀಪವಾಗಿ.

ಬೆಂಗಳೂರಿಗೆ ಇದು ಕೆಟ್ಟ ಗಳಿಗೆ. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ನಗರದಲ್ಲಿ ಬಸ್ಸು ಓಡಿಸತೊಡಗಿದ್ದು 1940ರಲ್ಲಿ. ಅದೇ ವರ್ಷ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಆರಂಭವಾಗಿತ್ತು. ಯುದ್ಧ ಕಾವೇರಿದಂತೆ ಅಮೆರಿಕದ ಯುದ್ಧವಿಮಾನಗಳು ಅಲ್ಲಿ ರಿಪೇರಿಯಾಗಿ ಮತ್ತೆ ಹಾರುತ್ತಿದ್ದವು. ಇತ್ತ ನಾಡಿನ ಬಸ್ಸುಗಳು ಇದ್ದಿಲು ಸುಟ್ಟು ಓಡುವುದನ್ನು ಕಲಿಯುತ್ತಿದ್ದವು.

ಇದ್ದಿಲು ಬಸ್ಸಿನ ವಿದ್ಯೆ ಮಾಟವೇನಲ್ಲ. ಬಸ್ಸಿನ ಬೆನ್ನಿಗೆ ಕಬ್ಬಿಣದ ಉದ್ದನೆಯ ಒಂದು ಕೊಳವೆಯೊಲೆ ಕಟ್ಟುತ್ತಾರೆ. ಮೇಲಿನಿಂದ ಇದ್ದಿಲು ತುಂಬಿ, ಕೆಳಗೆ ಕೆಂಡ ಮಾಡಿ, ಗಾಳಿಯನ್ನು ಬೇಕಾದಷ್ಟೇ ಬಿಡುತ್ತಾರೆ. ಪೂರ್ತಿ ಉರಿಯಲಾರದ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಮಸಿ ಸೋಸಿ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲಿನ ಬದಲು ಅದೇ ಉರಿಯುತ್ತದೆ. ಕ್ಲೀನರ್ ಹುಡುಗ ಬೆಳಗ್ಗೆ ಬೇಗ ಎದ್ದು ಕೈಯಿಂದ ಗಾಳಿಚಕ್ರ ತಿರುಗಿಸಿ ಕೆಂಡ ಎಬ್ಬಿಸದ ಹೊರತು ಗಾಡಿ ಹೊರಡುವಂತಿಲ್ಲ. ಹೊರಟ ಮೇಲೂ ಎಂಜಿನ್ನಿನ ಕಸುವು ಮೂರನೇ ಒಂದು ಪಾಲಿಗೂ ಹೆಚ್ಚು ಕುಗ್ಗಿರುತ್ತದೆ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಟಿಕೆಟ್ಟಿನ ಕಾಸೂ ಅವರದೇ, ತೋಳಿನ ಬಲವೂ ಅವರದೇ. ನಡುದಾರಿಯಲ್ಲಿ ನಿಂತು ಬೂದಿ ಕೆದಕುವುದು, ಮಸಿ ಕಟ್ಟಿದ ಸೋಸುಬಟ್ಟೆ ಝಾಡಿಸುವುದು ಬೇರೆ. ಆ ಅನಿಲಕ್ಕೆ ವಾಸನೆಯಿಲ್ಲ, ಮುಚ್ಚಿದ ಶೆಡ್ಡಿನಲ್ಲಿ ಸೋರಿದರೆ ಸದ್ದಿಲ್ಲದೆ ಪ್ರಾಣ ತೆಗೆಯುವಂಥದ್ದು.

ಇದು ನಮ್ಮಲ್ಲಿಯದೇ ಪಾಡಲ್ಲ. ಸ್ವೀಡನ್ನಿನಲ್ಲಿ ಆಗ 70,000ಕ್ಕೂ ಹೆಚ್ಚು ವಾಹನಗಳು ಸೌದೆ, ಇದ್ದಿಲಿನಿಂದಲೇ ಓಡುತ್ತಿದ್ದವು.

ಪುಕ್ಕಟೆಯ ಇಂಧನವೂ ಇದಾಗಿರಲಿಲ್ಲ. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು ಒಂದೂವರೆ ಕಿಲೋ ಇದ್ದಿಲು ಬೇಕು. ಮಣ್ಣು ಮುಚ್ಚಿ ಸುಡುವ ಹಳೆಯ ಗೂಡಿನಲ್ಲಿ ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಸೌದೆ ಹೋಗುತ್ತದೆ. ಅಂದರೆ ಲೀಟರಿಗೆ ಎಂಟು ಕಿಲೋ ಆಸುಪಾಸು ಮರ! ಭದ್ರಾವತಿಯ ಕಬ್ಬಿಣದ ಕುಲುಮೆ 1923ರಿಂದಲೇ ಮಲೆನಾಡಿನ ಇದ್ದಿಲನ್ನು ತಿನ್ನುತ್ತಿತ್ತು. ಈಗ ಬಸ್ಸೂ ಅದೇ ಪಂಕ್ತಿಯಲ್ಲಿ ಕುಳಿತಿತು. ಬಾಗಿಲಿಗೆ ಬಂದ ಇದ್ದಿಲು ಮಾರುವವನ ಹತ್ತಿರ ಚೌಕಾಸಿ ಮಾಡುತ್ತಿದ್ದ ಪೇಟೆಯ ಗೃಹಿಣಿಗೆ ಬಸ್ ಮಾಲೀಕನೇ ಪೈಪೋಟಿಗೆ ನಿಂತಂತಾಯಿತು.

ಆದರೆ ಹೆಚ್ಚಿನ ಮನೆಗಳಿಗೆ ಪೆಟ್ರೋಲಿನ ನಂಟು ದೂರದ್ದು. ಅವರ ಎಣ್ಣೆ ಸೀಮೆಎಣ್ಣೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದ್ದರೂ ಹಳ್ಳಿಗಳು ಬುಡ್ಡಿ, ಲಾಂದ್ರಗಳಲ್ಲೇ ಇದ್ದವು. ಅದಕ್ಕೂ ಹಿಂದೆ ದೀಪಕ್ಕೆ ಹೊಲದ ಬದುವಿನ ಹರಳು, ಹೊಂಗೆಯ ಎಣ್ಣೆಯಿತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹರಳೆಣ್ಣೆ ದೀಪದ ಬಳಕೆಯನ್ನು ಬರೆದಿಟ್ಟಿದ್ದಾನೆ. ಡಬ್ಬಿಯಲ್ಲಿ ಬಂದ ಸೀಮೆಎಣ್ಣೆ ಹೆಚ್ಚು ಬೆಳಕು ಕೊಟ್ಟು ಆ ಗಾಣದೆಣ್ಣೆಯನ್ನು ಮೂಲೆಗೆ ತಳ್ಳಿತ್ತು. ಅದೇ ಡಬ್ಬಿ ಬರಿದಾದಾಗ ಮನೆಯವರ ಮುಂದೆ ಮೂರೇ ದಾರಿ: ರೇಷನ್ನಿನ ಸಾಲು, ಕಾಳಸಂತೆ, ಇಲ್ಲವೇ ಹಣತೆ. ಮೊದಲನೆಯದು ದಿನಗೂಲಿ ಕಸಿಯುತ್ತಿತ್ತು, ಎರಡನೆಯದು ಕಾಸು. ಹಾಗಾಗಿ ಹೊಂಗೆ ಬೀಜ ಆಯುವ ಕೆಲಸಕ್ಕೆ ಮತ್ತೆ ಬೆಲೆ ಬಂತು. ಬರ್ಮಾದಿಂದ ಬರುತ್ತಿದ್ದ ಅಕ್ಕಿಯೂ ನಿಂತಿದ್ದ ಕಾಲ ಅದು. 1942-43ರಲ್ಲಿ ಬಿಜಾಪುರ ಕಡೆ ಬರ ಬೇರೆ. ಅಂಥಲ್ಲಿ ದೀಪದ ಎಣ್ಣೆ ಖರ್ಚಿನ ಪಟ್ಟಿಯ ಕೊನೆಗೆ ಸರಿದಿದ್ದರೆ ಅಚ್ಚರಿಯಿಲ್ಲ.

ಹೀಗೆ ಹುಡುಕಿದ ಬದಲಿಗಳಲ್ಲಿ ಇದ್ದಿಲು ಬಸ್ಸಿಗಿಂತ ಹೆಚ್ಚು ಬಾಳಿದ್ದು ಮಂಡ್ಯದ ಬದಲಿ. ಅಲ್ಲಿನ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಟ್ಟಿ ಇಳಿಸಿದ ಪವರ್ ಆಲ್ಕೊಹಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಯೋಗ ಮೈಸೂರು ಸಂಸ್ಥಾನದಲ್ಲಿ ನಡೆಯಿತು. 1948ರಲ್ಲಿ ದೇಶಕ್ಕೇ ಪವರ್ ಆಲ್ಕೊಹಾಲ್ ಕಾಯ್ದೆ ಬಂತು. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥೆನಾಲ್ ಬೆರಕೆಯ ಪೆಟ್ರೋಲು ಅದೇ ಜಾಡಿನದು.

ಇನ್ನು ಕೂಪನ್ನು? ಅದು ಬಸ್ಸಿನ ಬೆನ್ನಿನ ಒಲೆಗಿಂತ ಗಟ್ಟಿ ಜೀವದ್ದು. ಯುದ್ಧಕಾಲದ ಹತೋಟಿಗಳನ್ನು ಮುಂದುವರಿಸಲು 1946ರಲ್ಲಿ ಮಾಡಿದ ಕಾಯ್ದೆಯ ಹೆಸರಿನಲ್ಲೇ ‘ತಾತ್ಕಾಲಿಕ’ ಎಂದಿತ್ತು. 1955ರ ಅಗತ್ಯ ವಸ್ತುಗಳ ಕಾಯ್ದೆ ಆ ಹತೋಟಿಯನ್ನು ಕಾಯಂ ಮಾಡಿತು. ಪೆಟ್ರೋಲಿಯಂ ಪದಾರ್ಥಗಳೂ ಅದರ ವ್ಯಾಪ್ತಿಗೇ ಸೇರಿದ್ದರಿಂದ, ಯುದ್ಧ ಮುಗಿದು ಅರ್ಧ ಶತಮಾನ ಕಳೆದ ಮೇಲೂ ಕರ್ನಾಟಕದ ಮನೆಗಳು ಕಾರ್ಡು, ಕ್ಯಾನು ಹಿಡಿದು ಸೊಸೈಟಿ ಅಂಗಡಿಯ ಮುಂದೆ ಸೀಮೆಎಣ್ಣೆಗೆ ನಿಲ್ಲುತ್ತಿದ್ದವು.