ಹೊಟ್ಟೆಯೊಳಗಿನ ಚಿತ್ರಕ್ಕೆ ಲೋಹದ ನೆರವು

ದೇಹವನ್ನು ಕೊಯ್ಯದೆ ಅದರ ಒಳಗನ್ನು ನೋಡಬೇಕೆಂಬುದು ಮನುಷ್ಯನ ಬಹಳ ಹಳೆಯ ಆಸೆ. 1895ರಲ್ಲಿ ಎಕ್ಸ್-ರೇ ಬಂದಾಗ ಮೂಳೆಗಳು ಕಂಡವು. ಹೊಟ್ಟೆಯೊಳಗಿನ ಮೃದುವಾದ ಅಂಗಗಳು ಮಾತ್ರ ಮರೆಯಲ್ಲೇ ಉಳಿದವು. 1973ರಲ್ಲಿ ಪಾಲ್ ಲಾಟರ್‌ಬರ್ ಅಯಸ್ಕಾಂತದ ನೆರವಿನಿಂದ ಚಿತ್ರ ಪಡೆಯುವ ವಿಧಾನವನ್ನು ಪ್ರಕಟಿಸಿದರು. ನಾವಿಂದು ಎಂ.ಆರ್.ಐ. ಎಂದು ಕರೆಯುವ ಪರೀಕ್ಷೆ ಅಲ್ಲಿಂದ ಬೆಳೆಯಿತು. 2003ರಲ್ಲಿ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್‌ರಿಗೂ ನೊಬೆಲ್ ಪ್ರಶಸ್ತಿ ಬಂತು. ಯಂತ್ರದ ಈ ಕಥೆ ಹಲವರಿಗೆ ಗೊತ್ತು. ಚಿತ್ರ ಸ್ಪಷ್ಟವಾಗಲೆಂದು ರೋಗಿಗೆ ಕುಡಿಸುವ ಅಥವಾ ರಕ್ತನಾಳಕ್ಕೆ ಕೊಡುವ 'ಕಾಂಟ್ರಾಸ್ಟ್' ಔಷಧಿಗಳ ಕಥೆಯೂ ಅಷ್ಟೇ ಮುಖ್ಯವಾದುದು.

ನಮ್ಮ ದೇಹದ ಬಹುಪಾಲು ನೀರು. ಆ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳಿಂದ ಬರುವ ಸಂಕೇತವೇ ಎಂ.ಆರ್.ಐ. ಚಿತ್ರವಾಗುತ್ತದೆ. ಕೆಲವು ಲೋಹಗಳು ಹತ್ತಿರ ಬಂದರೆ ಈ ಸಂಕೇತ ಬದಲಾಗುತ್ತದೆ. ಗ್ಯಾಡೋಲಿನಿಯಂ ತಾನಿರುವ ಜಾಗವನ್ನು ಬೆಳಗಿಸುತ್ತದೆ, ಕಬ್ಬಿಣದ ಸೂಕ್ಷ್ಮ ಕಣಗಳು ಕಪ್ಪಾಗಿಸುತ್ತವೆ. ಮ್ಯಾಂಗನೀಸ್ ಚಿತ್ರ ತೆಗೆಯುವ ರೀತಿಗೆ ಅನುಗುಣವಾಗಿ ಎರಡೂ ಕೆಲಸ ಮಾಡಬಲ್ಲದು.

ಇವುಗಳನ್ನು ಮನುಷ್ಯರ ಮೇಲೆ ಬಳಸುವ ಪ್ರಯತ್ನ ಆರಂಭವಾದುದು ಹೊಟ್ಟೆಯಿಂದಲೇ. 1981ರಲ್ಲಿ ಬ್ರಿಟನ್ನಿನ ಇಯಾನ್ ಯಂಗ್ ಮತ್ತು ಸಂಗಡಿಗರು ಕಬ್ಬಿಣದ ಲವಣವೊಂದನ್ನು ಕುಡಿಸಿ ಜಠರದ ಚಿತ್ರ ತೆಗೆದರು. 1990ರ ದಶಕದಲ್ಲಿ ಕಂಪೆನಿಗಳು ಕುಡಿಯುವ ಕಾಂಟ್ರಾಸ್ಟ್‌ಗಳನ್ನು ಒಂದರ ಹಿಂದೆ ಒಂದರಂತೆ ತಂದವು. ಅಮೆರಿಕದಲ್ಲಿ 1996ರಲ್ಲಿ ಕಬ್ಬಿಣದ ಕಣಗಳಿದ್ದ ಪಾನೀಯಕ್ಕೂ 1997ರಲ್ಲಿ ಮ್ಯಾಂಗನೀಸ್ ಪಾನೀಯಕ್ಕೂ ಅನುಮತಿ ಸಿಕ್ಕಿತು. ಆದರೆ ಅವು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ನಿಂತದ್ದು ಯಾವುದು ಗೊತ್ತೇ? ಅನಾನಸ್ ರಸ! ಅದರಲ್ಲಿ ಸಹಜವಾಗಿಯೇ ಮ್ಯಾಂಗನೀಸ್ ಇದೆ. ಪಿತ್ತನಾಳದ ಚಿತ್ರ ತೆಗೆಯುವಾಗ ಜಠರದ ದ್ರವ ಹೊಳೆದು ಅಡ್ಡಿಯಾಗುತ್ತದೆ. ರಸ ಕುಡಿದರೆ ಆ ಹೊಳಪು ಅಡಗಿ ನಾಳ ಚೆನ್ನಾಗಿ ಕಾಣುತ್ತದೆ. 2004ರಲ್ಲಿ ಬ್ರಿಟಿಷ್ ಸಂಶೋಧಕರು ಇದನ್ನು ಪ್ರಕಟಿಸಿದರು. ಕೆಲವು ಆಸ್ಪತ್ರೆಗಳಲ್ಲಿ ಈ ಪದ್ಧತಿ ಇಂದಿಗೂ ಇದೆ.

ರಕ್ತನಾಳಕ್ಕೆ ಕೊಡುವ ಔಷಧಿಗಳಲ್ಲಿ ಗೆದ್ದದ್ದು ಗ್ಯಾಡೋಲಿನಿಯಂ. ಒಂಟಿಯಾಗಿದ್ದರೆ ಇದು ವಿಷ. ಆದ್ದರಿಂದ ಇದನ್ನು ಮತ್ತೊಂದು ಅಣುವಿನೊಳಗೆ ಬಿಗಿಯಾಗಿ ಹಿಡಿದಿಡಬೇಕು. ಹಾಗೆ ಹಿಡಿದಿಟ್ಟ ಮೊದಲ ಔಷಧಿ 'ಮ್ಯಾಗ್ನೆವಿಸ್ಟ್' 1988ರಲ್ಲಿ ಬಳಕೆಗೆ ಬಂತು. ಮೊದಲು ಅದು ಮೆದುಳು ಮತ್ತು ಬೆನ್ನುಹುರಿಯ ಪರೀಕ್ಷೆಗಾಗಿತ್ತು. ಉಸಿರಾಟದಿಂದ ಹೊಟ್ಟೆ ಸದಾ ಅಲುಗಾಡುತ್ತಿರುತ್ತದಲ್ಲವೇ? ಉಸಿರು ಬಿಗಿಹಿಡಿದಷ್ಟು ಹೊತ್ತಿನಲ್ಲೇ ಚಿತ್ರ ತೆಗೆಯುವ ವೇಗ ಯಂತ್ರಗಳಿಗೆ ಬಂದ ಮೇಲೆ ಹೊಟ್ಟೆಯ ಪರೀಕ್ಷೆಯಲ್ಲೂ ಅದರ ಬಳಕೆ ಹೆಚ್ಚಿತು.

ಲಿವರ್‌ನ ವಿಷಯದಲ್ಲಿ ಎರಡು ದಾರಿಗಳು ಎದುರುಬದುರಾದವು. 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 'ಫೆರಿಡೆಕ್ಸ್' ಕಬ್ಬಿಣದ ಕಣಗಳ ಔಷಧಿ. ಆರೋಗ್ಯವಂತ ಲಿವರ್ ಈ ಕಣಗಳನ್ನು ನುಂಗಿ ಕಪ್ಪಾಗುತ್ತದೆ, ಗಡ್ಡೆ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆದರೆ ಅದನ್ನು ನಿಧಾನವಾಗಿ ಹನಿಸಬೇಕಿತ್ತು, ಕೆಲವರಿಗೆ ಬೆನ್ನುನೋವು ಬರುತ್ತಿತ್ತು. 2008ರಲ್ಲಿ ತಯಾರಕರು ಅದನ್ನು ಕೈಬಿಟ್ಟರು. 2004ರಲ್ಲಿ ಯುರೋಪಿಗೆ ಬಂದ 'ಪ್ರಿಮೋವಿಸ್ಟ್' ಇದಕ್ಕೆ ವಿರುದ್ಧ. ಇದು ಗ್ಯಾಡೋಲಿನಿಯಂ ಔಷಧಿ. ಇದರ ಸುಮಾರು ಅರ್ಧ ಭಾಗ ಲಿವರ್‌ನ ಜೀವಕೋಶಗಳೊಳಗೆ ಹೋಗಿ ಪಿತ್ತದ ಮೂಲಕ ಹೊರಬೀಳುತ್ತದೆ. ಇಲ್ಲಿ ಲಿವರ್ ಬೆಳಗುತ್ತದೆ, ಗಡ್ಡೆ ಸಾಮಾನ್ಯವಾಗಿ ಕಪ್ಪಾಗಿ ಕಾಣುತ್ತದೆ.

ಇಷ್ಟಾದರೆ ಇದು ಕೇವಲ ಪ್ರಗತಿಯ ಕಥೆಯಾಗುತ್ತಿತ್ತು. ಆದರೆ 1997ರಿಂದ ಅಮೆರಿಕದ ಕೆಲವು ಮೂತ್ರಪಿಂಡ ರೋಗಿಗಳಲ್ಲಿ ಚರ್ಮ ದಪ್ಪವಾಗಿ, ಕೀಲುಗಳು ಮಡಚಲಾಗದಂತೆ ಬಿಗಿಯುವ ವಿಚಿತ್ರ ರೋಗ ಕಂಡುಬಂತು. ಕೆಲವರು ಗಾಲಿಕುರ್ಚಿಗೆ ಸೀಮಿತರಾದರು, ಕೆಲವರು ಸತ್ತರು. ಕಾರಣ ತಿಳಿಯಲಿಲ್ಲ. 2006ರಲ್ಲಿ ಆಸ್ಟ್ರಿಯಾದ ವೈದ್ಯ ಥಾಮಸ್ ಗ್ರೋಬ್ನರ್, ತಮ್ಮ ಇಂತಹ ರೋಗಿಗಳಿಗೆ ಗ್ಯಾಡೋಲಿನಿಯಂ ಕೊಡಲಾಗಿತ್ತೆಂದು ಗುರುತಿಸಿದರು. ಸಾಮಾನ್ಯವಾಗಿ ಈ ಔಷಧಿಯನ್ನು ಹೊರಹಾಕುವುದು ಮೂತ್ರಪಿಂಡ. ಅದು ಸೋತಾಗ ಔಷಧಿ ದೇಹದಲ್ಲೇ ಉಳಿದು ಲೋಹ ಬಿಡುಗಡೆಯಾಗುತ್ತದೆ. ಲೋಹವನ್ನು ಸರಪಳಿಯಂತೆ ಸುತ್ತುವ ಅಣುಗಳಲ್ಲಿ ಅಪಾಯ ಹೆಚ್ಚು, ಪಂಜರದಂತೆ ಮುಚ್ಚುವ ಅಣುಗಳಲ್ಲಿ ತೀರಾ ಕಡಿಮೆ ಎಂಬುದು ಆಮೇಲೆ ಖಚಿತವಾಯಿತು. ಔಷಧಿ ಕೊಡುವ ಮುನ್ನ ಮೂತ್ರಪಿಂಡದ ಸ್ಥಿತಿ ನೋಡುವ ನಿಯಮ ಬಂದ ಮೇಲೆ ಹೊಸ ಪ್ರಕರಣಗಳು ಬಹುಮಟ್ಟಿಗೆ ನಿಂತವು.

2014ರಲ್ಲಿ ಜಪಾನಿನ ಸಂಶೋಧಕರು, ಪದೇ ಪದೇ ಈ ಔಷಧಿ ಪಡೆದವರ ಮೆದುಳಿನಲ್ಲಿ ಲೋಹ ಉಳಿಯುವ ಸೂಚನೆ ಕಂಡರು. ಅದರಿಂದ ಮೆದುಳಿಗೆ ಹಾನಿಯಾಗುತ್ತದೆಂದು ಸಾಬೀತಾಗಿಲ್ಲ. ಆದರೂ 2017ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಸರಪಳಿ ಮಾದರಿಯ ಹಲವು ಔಷಧಿಗಳನ್ನು ತಡೆಹಿಡಿದರು. ಪ್ರಿಮೋವಿಸ್ಟ್ ಸೇರಿದಂತೆ ಎರಡನ್ನು ಲಿವರ್ ಪರೀಕ್ಷೆಗಷ್ಟೇ ಉಳಿಸಿದರು. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಂಜರ ಮಾದರಿಯ 'ಗ್ಯಾಡೋಪಿಕ್ಲೆನಾಲ್' ವಾಡಿಕೆಯ ಅರ್ಧ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ.

ಈ ಇತಿಹಾಸ ನಮಗೆ ಹೇಳುವುದೇನು? ಲಕ್ಷಾಂತರ ಮಂದಿಗೆ ನಿರಪಾಯವಾಗಿದ್ದ ಔಷಧಿಯ ದೋಷವನ್ನು ಬಯಲು ಮಾಡಿದವರು ಅತ್ಯಂತ ದುರ್ಬಲ ರೋಗಿಗಳು. ಅದಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಹಾಗೆಂದು ಹೆದರಿ ಪರೀಕ್ಷೆಯನ್ನೇ ಬಿಡಬೇಕಾಗಿಲ್ಲ, ಸಕಾಲದಲ್ಲಿ ಕಂಡ ಗಡ್ಡೆ ಜೀವ ಉಳಿಸುತ್ತದೆ. ಆದರೆ ಮೂತ್ರಪಿಂಡದ ತೊಂದರೆಯಿದ್ದರೆ ನಾವು ಅದನ್ನು ಮೊದಲೇ ಹೇಳಬೇಕು, ಯಾವ ಔಷಧಿ ಕೊಡುತ್ತೀರೆಂದು ಕೇಳಬೇಕು. ಆ ಪ್ರಶ್ನೆ ವೈದ್ಯರ ಮೇಲಿನ ಅವಿಶ್ವಾಸವಲ್ಲ, ನಮ್ಮ ಹಕ್ಕು.