ಎರಡು ‘ಒಕ್ಲಹೋಮಾ!’ಗಳು: ಕಳೆದೇ ಹೋಗದ ಆರು ನಿಮಿಷಗಳ ಬಗ್ಗೆ

ಫ್ರೆಡ್ ಝಿನ್ನೆಮನ್ ನಿರ್ದೇಶಿಸಿದ ‘ಒಕ್ಲಹೋಮಾ!’ (1955) ಕುರಿತ ಬರಹಗಳಲ್ಲಿ ಒಂದು ತಪ್ಪು ಓದು ಗಟ್ಟಿಯಾಗಿ ಬೇರೂರಿದೆ. ಚಿತ್ರವನ್ನು ಮೊದಲು ಟಾಡ್-ಎಓ ಎಂಬ ಅಗಲ ಫಿಲ್ಮಿನಲ್ಲಿ ತೆಗೆದರು, ಸಾಧಾರಣ ಚಿತ್ರಮಂದಿರಗಳಿಗೆಂದು ಅದನ್ನೇ 35 ಮಿ.ಮೀ. ಸಿನೆಮಾಸ್ಕೋಪಿಗೆ ಇಳಿಸಿದರು, ಇಳಿಸುವಾಗ ಒಂದಿಷ್ಟು ಕತ್ತರಿಸಿಯೂ ಹಾಕಿದರು ಎಂಬುದು ಆ ಓದು. ಅದು ಆಧರಿಸಿರುವ ಸಾಕ್ಷ್ಯ ವಿಡಿಯೋ ಪ್ರತಿಗಳ ಅವಧಿ. ಅಮೆರಿಕದ ಪ್ರತಿ ಸುಮಾರು 145 ನಿಮಿಷ ಓಡುತ್ತದೆ. ಭಾರತದಲ್ಲೂ ಯುರೋಪಿನ ಬಹುಭಾಗದಲ್ಲೂ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಸಿನೆಮಾಸ್ಕೋಪ್ ಪ್ರತಿ 139 ನಿಮಿಷಕ್ಕೆ ಮುಗಿದುಬಿಡುತ್ತದೆ. ಆರು ನಿಮಿಷ ಎಲ್ಲಿ ಹೋಯಿತು ಎಂದು ಕೇಳಿ, ಕತ್ತರಿಗೆ ಹೋಯಿತು ಎಂದು ತಾವೇ ಉತ್ತರ ಕೊಟ್ಟುಕೊಂಡವರು ಕಡಿಮೆ ಇಲ್ಲ. ಈ ಉತ್ತರ ಪೂರ್ತಿ ತಪ್ಪು. ಅದಕ್ಕಿಂತ ಹೆಚ್ಚಿನ ಹಾನಿ ಎಂದರೆ, ಇದೇ ತಪ್ಪಿನಿಂದಾಗಿ ನಾವು ಎರಡು ಬೇರೆ ಬೇರೆ ಅಭಿನಯಗಳನ್ನು ಒಂದೇ ಎಂದು ಓದುತ್ತ ಬಂದಿದ್ದೇವೆ.

ಮೊದಲು ಆರು ನಿಮಿಷದ ಲೆಕ್ಕ ಮುಗಿಸೋಣ. ಪಾಲ್ ಪದ್ಧತಿಯ ದೂರದರ್ಶನಕ್ಕೆ ಸೆಕೆಂಡಿಗೆ 25 ಚಿತ್ರಗಳು ಬೇಕು. ಸಿನಿಮಾ ಓಡುವುದು 24ರ ವೇಗದಲ್ಲಿ. ಇವೆರಡನ್ನು ಹೊಂದಿಸಲು ಟೆಲಿಸಿನಿ (ಫಿಲ್ಮನ್ನು ವಿಡಿಯೋಗೆ ವರ್ಗಾಯಿಸುವ) ಕೋಣೆಯವರು ಹಿಡಿದ ಸುಲಭದ ದಾರಿ, ಫಿಲ್ಮನ್ನೇ 25ರ ವೇಗದಲ್ಲಿ ಓಡಿಸುವುದು. 145 ನಿಮಿಷ ಎಂದರೆ 8,700 ಸೆಕೆಂಡು. ಅದನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿದರೆ 8,352 ಸೆಕೆಂಡು, ಅಂದರೆ 139 ನಿಮಿಷ 12 ಸೆಕೆಂಡು. ಒಂದು ಫ್ರೇಮೂ ಕಳೆದಿಲ್ಲ, ಎಲ್ಲವೂ ಶೇಕಡಾ ನಾಲ್ಕರಷ್ಟು ಬೇಗ ಓಡಿದೆ, ಅಷ್ಟೆ.

ಲೆಕ್ಕವನ್ನು ನಂಬದವರು ಕಿವಿಯನ್ನು ನಂಬಬಹುದು, ಸಂಗೀತ ಚಿತ್ರದ ವಿಷಯದಲ್ಲಿ ಅದೇ ಹೆಚ್ಚು ಖಚಿತ. ಕತ್ತರಿಸಿದ ಚಿತ್ರದಲ್ಲಿ ಉಳಿದ ಹಾಡುಗಳ ಶ್ರುತಿ ಬದಲಾಗಲು ಕಾರಣವಿಲ್ಲ. ವೇಗ ಹೆಚ್ಚಿಸಿದ ಚಿತ್ರದಲ್ಲಿ ಪ್ರತಿ ಹಾಡಿನ ಶ್ರುತಿಯೂ ಒಂದೇ ಪ್ರಮಾಣದಲ್ಲಿ ಏರಬೇಕು. 25ಕ್ಕೆ 24ರ ಅನುಪಾತ ಅರ್ಧ ಸ್ವರಕ್ಕಿಂತ ತುಸು ಕಡಿಮೆ. 1955ರಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ಹೊರತಂದ ಧ್ವನಿಮುದ್ರಿಕೆಯನ್ನು ಒಂದು ಕಡೆ, ಪಾಲ್ ಕ್ಯಾಸೆಟ್ಟನ್ನು ಇನ್ನೊಂದು ಕಡೆ ಇಟ್ಟು ನಾಯಕ ಗಾರ್ಡನ್ ಮೆಕ್ರೇ ಹಾಡುವುದನ್ನು ಕೇಳಿ. ಶ್ರುತಿಜ್ಞಾನವಿರುವ ಯಾರಿಗಾದರೂ ಕ್ಯಾಸೆಟ್ಟಿನ ಧ್ವನಿ ಮೇಲೇರಿರುವುದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. (ಡಿಜಿಟಲ್ ಕಾಲದ ಕೆಲವು ಪಾಲ್ ಪ್ರತಿಗಳಲ್ಲಿ ಶ್ರುತಿಯನ್ನು ಯಂತ್ರದಿಂದ ಇಳಿಸಿ ಸರಿಪಡಿಸುವ ವಾಡಿಕೆ ಇದೆ. ಅಲ್ಲಿ ಕಿವಿಗೆ ಬದಲು ಗಡಿಯಾರ ಬೇಕು: ನೂರು ಸೆಕೆಂಡಿನ ಯಾವುದೇ ಭಾಗ 96 ಸೆಕೆಂಡಿಗೆ ಮುಗಿಯುತ್ತಿದ್ದರೆ ಅದು ವೇಗದ ಕೆಲಸ. ಕತ್ತರಿ ಇಡೀ ಚಿತ್ರದ ಉದ್ದಕ್ಕೂ ಇಷ್ಟು ಸಮವಾಗಿ ಆಡುವುದಿಲ್ಲ.) ಮುಖಪುಟದ ಮೇಲೆ ಅಚ್ಚಾದ ಅಂಕಿಯನ್ನು ನಂಬಿ ಚಿತ್ರದ ಇತಿಹಾಸ ಬರೆಯುವುದು ಎಂಥ ಅಪಾಯ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಪ್ರತಿಷ್ಠಿತ ಪ್ರದರ್ಶನಗಳಿಗೆಂದು ಸೇರಿಸಿದ ಆರಂಭವಾದ್ಯ, ಮಧ್ಯಂತರದ ವಾದ್ಯ, ನಿರ್ಗಮನವಾದ್ಯಗಳನ್ನು ಒಂದು ಪ್ರತಿ ಉಳಿಸಿಕೊಂಡು ಇನ್ನೊಂದು ಕೈಬಿಟ್ಟರೆ ಮತ್ತೆ ನಿಮಿಷಗಳು ಹೆಚ್ಚುಕಡಿಮೆಯಾಗುತ್ತವೆ. ಅದನ್ನೂ ‘ಕತ್ತರಿಸಿದ್ದು’ ಎಂದು ಎಣಿಸುವವರು ಕಥಾಭಾಗಕ್ಕೂ ಪರದೆ ಮುಚ್ಚಿರುವಾಗಿನ ಸಂಗೀತಕ್ಕೂ ಭೇದ ಮಾಡುತ್ತಿಲ್ಲ.

ಆದರೆ ಕತ್ತರಿಯ ಕಥೆ ಬಿದ್ದುಹೋದರೂ ‘ಇಳಿಸಿದರು’ ಎಂಬ ಕಥೆ ಉಳಿಯುತ್ತದೆ. ನನ್ನ ತಕರಾರು ನಿಜವಾಗಿ ಇರುವುದು ಅದರ ಮೇಲೆ.

ಮೈಕ್ ಟಾಡ್ ಕನಸು ಕಂಡು, ಅಮೆರಿಕನ್ ಆಪ್ಟಿಕಲ್ ಕಂಪನಿಯ ಬ್ರಯನ್ ಒ’ಬ್ರಯನ್ ಮಸೂರಗಳನ್ನು ರೂಪಿಸಿಕೊಟ್ಟ ಟಾಡ್-ಎಓ ಪದ್ಧತಿ ತನ್ನ ಮೊದಲ ರೂಪದಲ್ಲಿ ಸೆಕೆಂಡಿಗೆ 30 ಫ್ರೇಮ್ ಓಡುತ್ತಿತ್ತು. 65 ಮಿ.ಮೀ. ನೆಗೆಟಿವ್, ಧ್ವನಿಯ ಆರು ಮ್ಯಾಗ್ನೆಟಿಕ್ ಜಾಡುಗಳಿಗೆ ಜಾಗ ಸೇರಿಸಿ 70 ಮಿ.ಮೀ. ಪ್ರಿಂಟ್. 1955ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರದಲ್ಲಿ ಜನ ನೋಡಿದ್ದು ಇದನ್ನು. 35 ಮಿ.ಮೀ. ಪ್ರೊಜೆಕ್ಟರುಗಳೆಲ್ಲ ಓಡುತ್ತಿದ್ದದ್ದು 24ರಲ್ಲಿ. ಈಗ ‘ಇಳಿಸಿದರು’ ಎನ್ನುವವರನ್ನು ಕೇಳಬೇಕಾದ ಪ್ರಶ್ನೆ: ಹೇಗೆ ಇಳಿಸಿದರು?

ಒಂದು ದಾರಿ, ಪ್ರತಿ ಫ್ರೇಮನ್ನೂ ಹಾಗೆಯೇ 35 ಮಿ.ಮೀ.ಗೆ ನಕಲು ಮಾಡುವುದು. 145 ನಿಮಿಷಕ್ಕೆ 30ರಂತೆ 2,61,000 ಫ್ರೇಮುಗಳು. ಅವನ್ನು 24ರ ವೇಗದಲ್ಲಿ ಓಡಿಸಿದರೆ ಚಿತ್ರ 181 ನಿಮಿಷಕ್ಕೆ ಬೆಳೆಯುತ್ತದೆ, ಕುದುರೆಗಳು ನೀರಿನಲ್ಲಿ ನಡೆದಂತೆ ನಡೆಯುತ್ತವೆ. ಧ್ವನಿಯ ಗತಿಯೂ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. 30ಕ್ಕೆ 24 ಎಂದರೆ ಐದಕ್ಕೆ ನಾಲ್ಕು, ನಮ್ಮ ಸಂಗೀತದವರ ಲೆಕ್ಕದಲ್ಲಿ ಅಂತರ ಗಾಂಧಾರಕ್ಕೂ ಷಡ್ಜಕ್ಕೂ ಇರುವ ಅನುಪಾತ. ನಾಯಕಿ ಲಾರಿಯಾಗಿ ಶರ್ಲಿ ಜೋನ್ಸ್ ಅಂತರ ಗಾಂಧಾರದಲ್ಲಿ ಹಾಡಿದ್ದು ಷಡ್ಜಕ್ಕೆ ಇಳಿದು ಕೇಳಿಸಬೇಕಾಗಿತ್ತು. ಧ್ವನಿಯನ್ನು ಮಾತ್ರ ಮೊದಲಿನ ವೇಗದಲ್ಲೇ ಉಳಿಸಿಕೊಳ್ಳುತ್ತೇವೆ ಎಂದರೆ ತುಟಿಯ ಚಲನೆಗೂ ಹಾಡಿಗೂ ಸಂಬಂಧವೇ ಇರುವುದಿಲ್ಲ.

ಎರಡನೆಯ ದಾರಿ, ಐದು ಫ್ರೇಮುಗಳಲ್ಲಿ ಒಂದನ್ನು ಎಸೆಯುವುದು. ಇದರಿಂದ ಅವಧಿ ಸರಿಹೋಗುತ್ತದೆ, ಶ್ರುತಿ ನಿಲ್ಲುತ್ತದೆ. ಆದರೆ ಚಲನೆಯಲ್ಲಿ ಸೆಕೆಂಡಿಗೆ ಆರು ಬಾರಿ ಎಗರು ಬೀಳುತ್ತದೆ. ನಿಂತು ಮಾತಾಡುವ ದೃಶ್ಯದಲ್ಲಿ ಅದು ಮರೆಯಾಗಬಹುದೇನೋ, ನೃತ್ಯದಲ್ಲಿ ಮರೆಯಾಗಲು ಸಾಧ್ಯವೇ ಇಲ್ಲ. ಲಾರಿಯ ಕನಸಿನ ಬ್ಯಾಲೆಯಲ್ಲಿ ಬ್ಯಾಂಬಿ ಲಿನ್ ಮತ್ತು ಜೇಮ್ಸ್ ಮಿಚೆಲ್ ಕುಣಿಯುವ ಭಾಗವನ್ನು ಸಿನೆಮಾಸ್ಕೋಪ್ ಪ್ರತಿಯಲ್ಲಿ ನೋಡಿ. ಆಗ್ನೆಸ್ ಡಿ ಮಿಲ್ ಹೆಣೆದ ಆ ದೀರ್ಘ ತಿರುಗುಗಳಲ್ಲಿ ಅಂಥ ನಿಯಮಿತ ಎಗರು ಎಲ್ಲೂ ಇಲ್ಲ.

ಉಳಿಯುವುದು ಮೂರನೆಯದು, ಅದೇ ನಡೆದದ್ದು: ಚಿತ್ರವನ್ನು ಎರಡು ಸಲ ತೆಗೆದರು. ಟಾಡ್-ಎಓ ಕ್ಯಾಮೆರಾಕ್ಕೆ 30ರ ವೇಗದಲ್ಲಿ, ಸಿನೆಮಾಸ್ಕೋಪ್ ಕ್ಯಾಮೆರಾಕ್ಕೆ 24ರ ವೇಗದಲ್ಲಿ. ಇದು ಗುಟ್ಟಿನ ಮಾತೇನಲ್ಲ, ಚಿತ್ರದ ತಯಾರಿಕೆಯ ಬಗ್ಗೆ ಗಮನವಿಟ್ಟು ಬರೆದವರೆಲ್ಲ ಹೇಳಿದ್ದಾರೆ. ನನ್ನ ಅಸಹನೆ, ಇದನ್ನು ಓದಿಯೂ ಒಂದು ಕುತೂಹಲದ ಸಂಗತಿ ಎಂದು ಬದಿಗಿಟ್ಟು, ಮುಂದಿನ ಪುಟದಲ್ಲಿ ಮತ್ತೆ ‘ಚಿತ್ರ’ ಎಂದು ಏಕವಚನದಲ್ಲಿ ಬರೆಯುವವರ ಮೇಲೆ.

ಇಳಿಕೆಯ ವಾದಕ್ಕೆ ಪ್ರತಿಯೊಳಗೇ ಇನ್ನೊಂದು ವಿರುದ್ಧ ಸಾಕ್ಷ್ಯವಿದೆ, ಅದನ್ನು ಯಾರೂ ಸಾಕಷ್ಟು ಬಳಸಿಲ್ಲ. ಆರಂಭದ ಸಿನೆಮಾಸ್ಕೋಪ್ ಮಸೂರಗಳು ಚಿತ್ರವನ್ನು ಅಡ್ಡಕ್ಕೆ ಹಿಂಡಿ ಫಿಲ್ಮಿನ ಮೇಲೆ ಮೂಡಿಸುತ್ತಿದ್ದವು, ಪ್ರೊಜೆಕ್ಟರಿನ ಮಸೂರ ಅದನ್ನು ಬಿಡಿಸುತ್ತಿತ್ತು. ಕ್ಯಾಮೆರಾಕ್ಕೆ ಹತ್ತಿರವಾದ ವಸ್ತುಗಳ ಮೇಲೆ ಈ ಹಿಂಡಿಕೆ ಕಡಿಮೆಯಾಗಿ, ಬಿಡಿಸುವಾಗ ಮುಖಗಳು ಅಗಲವಾಗುತ್ತಿದ್ದವು. ಕೆನ್ನೆ ಊದಿದಂತೆ ಕಾಣುವ ಈ ದೋಷ ಆ ಕಾಲದ ಛಾಯಾಗ್ರಾಹಕರಿಗೆಲ್ಲ ತಲೆನೋವಾಗಿತ್ತು. ಟಾಡ್-ಎಓ ಮಸೂರಗಳು ಹೀಗೆ ಹಿಂಡುವ ಜಾತಿಯವಲ್ಲ. ಟಾಡ್-ಎಓ ನೆಗೆಟಿವಿನಿಂದ ಪ್ರಯೋಗಾಲಯದಲ್ಲಿ ಇಳಿಸಿದ್ದರೆ ಮುಖಕ್ಕೂ ಹಿನ್ನೆಲೆಗೂ ಹಿಂಡಿಕೆ ಒಂದೇ ಪ್ರಮಾಣದಲ್ಲಿ ಬಿದ್ದು, ಹತ್ತಿರದ ಮುಖ ಮಾತ್ರ ಅಗಲವಾಗುವ ಪ್ರಶ್ನೆಯೇ ಇರುತ್ತಿರಲಿಲ್ಲ. ಜೊತೆಗೆ ಚೌಕಟ್ಟಿನ ಅಳತೆ ನೋಡಿ. ಟಾಡ್-ಎಓ ಎತ್ತರದ 2.20ರಷ್ಟು ಅಗಲ, ಈ ಸಿನೆಮಾಸ್ಕೋಪ್ 2.55ರಷ್ಟು. ಮೊದಲನೆಯದರ ಮೇಲೆ ಕೆಳಗೆ ಕತ್ತರಿಸಿ ಎರಡನೆಯದನ್ನು ಮಾಡಿದ್ದರೆ ಎಡಬಲಗಳ ಅಂಚು ಎರಡರಲ್ಲೂ ಒಂದೇ ಇರಬೇಕಿತ್ತು. ಇಲ್ಲಿ ರಾಬರ್ಟ್ ಸುರ್ಟೀಸರ ಹೆಸರಿನಲ್ಲಿರುವ ಛಾಯಾಗ್ರಹಣ ಎರಡು ಚೌಕಟ್ಟುಗಳಿಗೆ ಎರಡು ಬೇರೆ ಜೋಡಣೆಗಳನ್ನು ಮಾಡಿದೆ.

ಇಷ್ಟಾದರೂ ಇಳಿಕೆಯ ಕಥೆ ಇಷ್ಟು ಕಾಲ ಬಾಳಿದ್ದೇಕೆ? ಎರಡು ಕಾರಣಗಳು ಕಾಣುತ್ತವೆ. ಒಂದು, ‘ಸೌತ್ ಪೆಸಿಫಿಕ್’ (1958). ‘ಒಕ್ಲಹೋಮಾ!’ದಂತೆ ಅದೂ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನರ ಸಂಗೀತ ನಾಟಕ, ಅದೂ ಟಾಡ್-ಎಓ. ಆದರೆ ಅಷ್ಟರಲ್ಲಿ ಪದ್ಧತಿಯ ವೇಗವನ್ನು 24ಕ್ಕೆ ತಂದಿದ್ದರು, ಉದ್ದೇಶವೇ ಒಂದು ನೆಗೆಟಿವಿನಿಂದ 35 ಮಿ.ಮೀ. ಪ್ರಿಂಟುಗಳನ್ನು ಇಳಿಸುವುದು. 30ರ ವೇಗದಲ್ಲಿ ತೆಗೆದ ಟಾಡ್-ಎಓ ಕಥಾಚಿತ್ರಗಳು ಎರಡೇ, ‘ಒಕ್ಲಹೋಮಾ!’ ಮತ್ತು ಮರುವರ್ಷದ ‘ಅರೌಂಡ್ ದ ವರ್ಲ್ಡ್ ಇನ್ 80 ಡೇಸ್’. ಎರಡನ್ನೂ ಎರಡೆರಡು ಸಲ ತೆಗೆಯಬೇಕಾಯಿತು. 1958ರ ಕ್ರಮವನ್ನು 1955ಕ್ಕೆ ಹಿಂದಕ್ಕೆ ಒಯ್ದದ್ದೇ ಈ ಗೊಂದಲದ ಮೂಲ.

ಎರಡನೆಯ ಕಾರಣ ಹಾಡುಗಳದ್ದು. ಹಾಡುಗಳನ್ನು ಮೊದಲೇ ಧ್ವನಿಮುದ್ರಿಸಿಕೊಂಡು ಚಿತ್ರೀಕರಣದಲ್ಲಿ ಅದಕ್ಕೆ ತುಟಿ ಹೊಂದಿಸುವುದು ಹಾಲಿವುಡ್ಡಿನ ಸಂಗೀತ ಚಿತ್ರಗಳ ವಾಡಿಕೆ. ನಮ್ಮ ಹಿನ್ನೆಲೆ ಗಾಯನದ ಪದ್ಧತಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ, ಇಲ್ಲಿ ಕಂಠ ಆಯಾ ನಟರದ್ದೇ ಎಂಬುದೊಂದು ವ್ಯತ್ಯಾಸ. ಒಂದೇ ಧ್ವನಿಮುದ್ರಣಕ್ಕೆ ಎರಡು ಸಲ ಅಭಿನಯಿಸಿದಾಗ ಹಾಡು ಎರಡರಲ್ಲೂ ಒಂದೇ ಕೇಳುತ್ತದೆ. ಕೇಳುಗ ‘ಅದೇ ಚಿತ್ರ’ ಎಂದು ತೀರ್ಮಾನಿಸಿಬಿಡುತ್ತಾನೆ. ಹಾಗಾಗಿ ಈ ಎರಡು ರೂಪಗಳನ್ನು ಹೋಲಿಸಬೇಕಾದದ್ದು ಹಾಡಿನಲ್ಲಲ್ಲ, ಮಾತಿನಲ್ಲಿ. ರಾಡ್ ಸ್ಟೈಗರ್ ಜಡ್ ಫ್ರೈ ಆಗಿ ಆಡುವ ಮಾತುಗಳನ್ನು ಎರಡು ಪ್ರತಿಗಳಲ್ಲೂ ಅಕ್ಕಪಕ್ಕ ಇಟ್ಟು ಕೇಳಿದರೆ ಎರಡು ಟೇಕುಗಳ ಉಸಿರು ಬೇರೆಯೇ ಎಂದು ಗೊತ್ತಾಗುತ್ತದೆ.

ಇದೇ ಕಾಲದ ಇನ್ನೊಂದು ನಿದರ್ಶನ ಸ್ಟ್ಯಾನ್ಲಿ ಡೋನನ್‌ರ ‘ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್’ (1954). ಅದನ್ನೂ ಸಿನೆಮಾಸ್ಕೋಪಿಗೊಮ್ಮೆ, ಸಾಧಾರಣ ಚೌಕಟ್ಟಿಗೊಮ್ಮೆ ತೆಗೆದರು. 2004ರ ಎರಡು ಡಿಸ್ಕುಗಳ ಡಿವಿಡಿ ಎರಡನ್ನೂ ಕೊಟ್ಟಿತು. ಅಲ್ಲಿ ಎರಡನೆಯದಕ್ಕೆ ‘ಬದಲಿ ಆವೃತ್ತಿ’ ಎಂಬ ಸ್ಥಾನ ಸಿಕ್ಕಿತು, ಅಧ್ಯಯನ ಮಾತ್ರ ಇಲ್ಲಿಯವರೆಗೂ ಅದನ್ನು ಮುಟ್ಟಿದಂತಿಲ್ಲ.

ಈಗ ವಿಡಿಯೋದ ಸರದಿ. ಅಮೆರಿಕದ ಎನ್‌ಟಿಎಸ್‌ಸಿ ದೂರದರ್ಶನ ಸೆಕೆಂಡಿಗೆ 30 ಚಿತ್ರಗಳನ್ನು ಅರವತ್ತು ಅರ್ಧಗಳಾಗಿ ತೋರಿಸುತ್ತಿತ್ತು (ಕಟ್ಟುನಿಟ್ಟಾಗಿ 29.97, ಇದರಿಂದ ಇಡೀ ಚಿತ್ರಕ್ಕೆ ಒಂಬತ್ತು ಸೆಕೆಂಡಿನಷ್ಟು ವ್ಯತ್ಯಾಸ, ವಾದಕ್ಕೆ ಬಾಧಕವಿಲ್ಲ). 24ರ ಸಿನಿಮಾವನ್ನು ಅದರೊಳಗೆ ಕೂರಿಸಲು ಒಂದು ಫ್ರೇಮನ್ನು ಎರಡು ಅರ್ಧಗಳಿಗೆ, ಮುಂದಿನದನ್ನು ಮೂರು ಅರ್ಧಗಳಿಗೆ ಹಂಚಬೇಕಿತ್ತು. ಕ್ಯಾಮೆರಾ ನಿಧಾನವಾಗಿ ಹೊರಳುವಾಗ ಕಾಣುವ ತೊಡರು ಅದರದ್ದೇ. ಟಾಡ್-ಎಓದ 30ಕ್ಕೆ ಇಂಥ ಯಾವ ಹೊಂದಾಣಿಕೆಯೂ ಬೇಕಿರಲಿಲ್ಲ, ಫ್ರೇಮಿಗೆ ಎರಡು ಅರ್ಧ. ದೂರದರ್ಶನಕ್ಕೆಂದೇ ಹುಟ್ಟಿದಷ್ಟು ಸಲೀಸಾದ ಈ ರೂಪವನ್ನು ಬಿಟ್ಟು ವಿಎಚ್‌ಎಸ್ ಕಾಲದಲ್ಲಿ ಸಿನೆಮಾಸ್ಕೋಪ್ ರೂಪವೇ ಮನೆಗಳಿಗೆ ಹೋಯಿತು. 35 ಮಿ.ಮೀ. ಟೆಲಿಸಿನಿ ಎಲ್ಲ ಕಡೆ ಇತ್ತು, ಅಗಲ ಫಿಲ್ಮಿನದು ಅಪರೂಪ. ನನ್ನ ಮಟ್ಟಿಗೆ ಇದೇ ಸಾಕಾದ ಕಾರಣ, ಕಲಾತ್ಮಕ ಆಯ್ಕೆ ಎಂದು ಅದಕ್ಕೆ ಘನತೆ ಹೊದಿಸುವ ಅಗತ್ಯ ಕಾಣುವುದಿಲ್ಲ. ಮುಂದೆ ಲೇಸರ್ ಡಿಸ್ಕಿನಲ್ಲಿ ಟಾಡ್-ಎಓ ಬಂತು. 2005ರಲ್ಲಿ ಐವತ್ತನೇ ವರ್ಷದ ಡಿವಿಡಿ ಎರಡು ರೂಪಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿತು. ಸಂಶೋಧಕರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿರಲಿಲ್ಲ. ಆದರೆ ಟಾಡ್-ಎಓದ ವರ್ಗಾವಣೆ ಅಲ್ಲಿ ಮಸುಕಾಗಿತ್ತು, ದೊಡ್ಡ ನೆಗೆಟಿವಿನ ಚಿತ್ರ ಚಿಕ್ಕದಕ್ಕಿಂತ ಕಳಪೆಯಾಗಿ ಕಂಡಿತು. ಅದನ್ನು ನೋಡಿ ಟಾಡ್-ಎಓ ಅಂಥ ಹೆಚ್ಚಿನದೇನೂ ಅಲ್ಲ ಎಂದು ಬರೆದವರು ವರ್ಗಾವಣೆಯ ದೋಷವನ್ನು ಮೂಲದ ತಲೆಗೆ ಕಟ್ಟಿದರು.

2014ರಲ್ಲಿ ಪುನರುಜ್ಜೀವನಗೊಂಡ ಟಾಡ್-ಎಓ ರೂಪ ಹಾಲಿವುಡ್ಡಿನ ಟಿಸಿಎಂ ಚಿತ್ರೋತ್ಸವದಲ್ಲಿ 30ರ ವೇಗದಲ್ಲೇ ತೆರೆಕಂಡು, ಅದೇ ವರ್ಷ ಬ್ಲೂ-ರೇಗೂ ಬಂತು. ಅಲ್ಲಿ 1080ಐ ಎಂಬ ಗುರುತು ನೋಡಿದೊಡನೆ ಕೆಲವರು ಮೂಗು ಮುರಿದರು. ಬ್ಲೂ-ರೇ ನಿಯಮಗಳಲ್ಲಿ 1080 ಗೆರೆಗಳ ಪೂರ್ಣ ಫ್ರೇಮಿನ ಕ್ರಮಕ್ಕೆ 24ರ ವೇಗಕ್ಕಷ್ಟೇ ಅವಕಾಶ. 30ನ್ನು ಉಳಿಸಿಕೊಳ್ಳಬೇಕೆಂದರೆ ಅರ್ಧ ಗೆರೆಗಳ ಕ್ರಮವೇ ಗತಿ. ಎರಡು ಅರ್ಧಗಳೂ ಒಂದೇ ಫ್ರೇಮಿನವಾದ್ದರಿಂದ ಪರದೆಯ ಮೇಲೆ ಅವು ಮತ್ತೆ ಕೂಡಿಕೊಳ್ಳುತ್ತವೆ, ನಷ್ಟವಿಲ್ಲ. ಆ ಗುರುತು ಕೊರತೆಯ ಗುರುತಲ್ಲ, ಚಿತ್ರದ ಮೂಲವೇಗವನ್ನು ಗೌರವಿಸಿದ್ದಕ್ಕೆ ಸಾಕ್ಷಿ.

ಇಷ್ಟು ಹೇಳಿದ ಮೇಲೂ ನಾನು ಟಾಡ್-ಎಓ ಒಂದೇ ನಿಜವಾದ ‘ಒಕ್ಲಹೋಮಾ!’ ಎನ್ನುವ ಬಣಕ್ಕೆ ಸೇರುವವನಲ್ಲ. ಆ ಯಂತ್ರಗಳನ್ನು ಹಾಕಿಸಿಕೊಂಡ ಚಿತ್ರಮಂದಿರಗಳು ಕೆಲವೇ. 1956ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಹಂಚಿದ ಸಿನೆಮಾಸ್ಕೋಪ್ ರೂಪವೇ ಊರೂರು ತಲುಪಿದ್ದು. ಪ್ರೇಕ್ಷಕರ ಇತಿಹಾಸ ಬರೆಯುವವರಿಗೆ ಅದು ಮುಖ್ಯ ಪಠ್ಯ, ನೃತ್ಯದ ಇತಿಹಾಸ ಬರೆಯುವವರಿಗೆ ಸೆಕೆಂಡಿಗೆ ಆರು ಚಿತ್ರ ಹೆಚ್ಚಿರುವ ಇನ್ನೊಂದು ಮುಖ್ಯ. ಯಾವುದನ್ನು ನೋಡಿದೆ ಎಂದು ಹೇಳದೆ ‘ಒಕ್ಲಹೋಮಾ! (1955)’ ಎಂದಷ್ಟೇ ಉಲ್ಲೇಖಿಸುವ ಲೇಖನವನ್ನು ನಾನಂತೂ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಚೌಕಟ್ಟಿನ ಅನುಪಾತ, ಫ್ರೇಮ್ ವೇಗ, ವಿಡಿಯೋ ಪದ್ಧತಿ, ಈ ಮೂರನ್ನು ಬರೆಯಲು ಒಂದು ಸಾಲು ಸಾಕು.

ಇನ್ನೊಂದು ಕೆಲಸ ಬಾಕಿ ಇದೆ. ಪ್ರತಿ ಶಾಟ್ ಅನ್ನೂ ಬೇರೆ ಬೇರೆಯಾಗಿಯೇ ತೆಗೆದರೋ, ಕೆಲವೆಡೆ ಎರಡು ಕ್ಯಾಮೆರಾಗಳು ಒಟ್ಟಿಗೆ ತಿರುಗಿದವೋ ಎಂಬುದನ್ನು ಶಾಟ್ ಶಾಟ್ ಹಿಡಿದು ಪಟ್ಟಿ ಮಾಡಬೇಕು. ಹೊರಾಂಗಣದ ಭಾಗ ಬಹುಪಾಲು ಅರಿಜೋನಾದ ನೊಗಾಲಿಸ್ ಸುತ್ತಲಿನ ಬಯಲಿನಲ್ಲಿ ನಡೆದದ್ದರಿಂದ ಆಧಾರ ಕಣ್ಣೆದುರೇ ಇದೆ: ಮೋಡದ ಆಕಾರ ಮತ್ತು ನೆರಳಿನ ಉದ್ದ. ಎರಡು ರೂಪಗಳಲ್ಲೂ ಅವು ಒಂದೇ ಆಗಿದ್ದರೆ ಕ್ಯಾಮೆರಾಗಳು ಪಕ್ಕಪಕ್ಕ ನಿಂತಿದ್ದವು. ನೆರಳು ಸರಿದಿದ್ದರೆ ಯಾವ ಟೇಕ್ ಮೊದಲು, ಯಾವುದು ನಂತರ ಎಂಬುದನ್ನೂ ಅದೇ ಹೇಳಬಲ್ಲದು. 2005ರ ಡಿವಿಡಿ ಇದಕ್ಕೆ ಸಾಲುತ್ತದೆ.