ಸಂಸಾರ ಒಡೆದಾಗ ಮನೆ ಯಾರದು, ಸಾಲ ಯಾರದು?

ವಿಚ್ಛೇದನವಾದಾಗ ಆಸ್ತಿ ಯಾರಿಗೆ ಸೇರಬೇಕು ಎಂದು ಕೇಳಿದರೆ ಹಿಂದೂ ದಂಪತಿಗೆ ನಮ್ಮ ಕಾನೂನು ಇವತ್ತಿಗೂ ಕೊಡುವ ಉತ್ತರ ಇಷ್ಟೇ: ಪತ್ರ ಯಾರ ಹೆಸರಿನಲ್ಲಿದೆಯೋ ಅವರಿಗೆ.

ಹೆಣ್ಣಿನ ಸ್ವಂತ ಸ್ವತ್ತಿನ ವಿಚಾರದಲ್ಲಿ ಕನ್ನಡ ನಾಡಿನ ಕೊಡುಗೆ ದೊಡ್ಡದು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ತನ್ನ ‘ಮಿತಾಕ್ಷರ’ದಲ್ಲಿ, ತವರಿನವರು ಕೊಟ್ಟದ್ದಷ್ಟೇ ಅಲ್ಲ, ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಕೂಡ ಸ್ತ್ರೀಧನವೇ ಎಂದ. ಬ್ರಿಟಿಷರ ಕಾಲದಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಮೊಟಕು ಮಾಡಿ, ವಾರಸಿನ ಆಸ್ತಿಯ ಮೇಲೆ ಆಕೆಗೆ ಬದುಕಿರುವಷ್ಟು ದಿನದ ಹಕ್ಕನ್ನು ಮಾತ್ರ ಉಳಿಸಿತು. ಮೈಸೂರು ಸಂಸ್ಥಾನ 1933ರ ಕಾಯ್ದೆಯಿಂದ ಆ ಹಕ್ಕನ್ನು ಮತ್ತೆ ಹಿಗ್ಗಿಸಿತು. ದೇಶದ ಹಿಂದೂ ಮಹಿಳೆಯರಿಗೆಲ್ಲ ಪೂರ್ಣ ಒಡೆತನ ಸಿಗಲು 1956ರ ಉತ್ತರಾಧಿಕಾರ ಕಾಯ್ದೆಯವರೆಗೆ ಕಾಯಬೇಕಾಯಿತು.

ಒಡವೆಯ ವಿಚಾರದಲ್ಲಿ ನ್ಯಾಯಾಲಯಗಳು ಗಟ್ಟಿಯಾಗಿ ನಿಂತಿವೆ. ಅತ್ತೆಮನೆಯವರ ಕೈಗೆ ಒಪ್ಪಿಸಿದ ಸ್ತ್ರೀಧನ ಜಂಟಿ ಆಸ್ತಿಯಾಗುವುದಿಲ್ಲ, ಅದನ್ನು ನುಂಗಿಹಾಕಿದರೆ ನಂಬಿಕೆದ್ರೋಹದ ಅಪರಾಧ ಎಂದು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬರಗಾಲ, ಕಾಯಿಲೆಯಂಥ ಸಂಕಟದಲ್ಲಿ ತೆಗೆದುಕೊಂಡ ಸ್ತ್ರೀಧನವನ್ನು ಗಂಡ ಮರಳಿಸಬೇಕಿಲ್ಲ ಎಂದಿತ್ತು ಯಾಜ್ಞವಲ್ಕ್ಯ ಸ್ಮೃತಿ. 2024ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಕಷ್ಟಕ್ಕೆ ಬಳಸಿದರೂ ಹಿಂತಿರುಗಿಸುವ ಹೊಣೆ ಗಂಡನದೇ ಎಂದು ಹೇಳಿ, ಹೋದ ಚಿನ್ನಕ್ಕೆ 25 ಲಕ್ಷ ರೂಪಾಯಿ ಕೊಡಿಸಿತು.

ಇಬ್ಬರೂ ಸೇರಿ ಕೂಡಿಟ್ಟದ್ದರ ಪ್ರಶ್ನೆ ಬಂದಾಗ ಕಾನೂನು ತಡವರಿಸುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಹೇಳುವುದು ಮದುವೆಯ ಆಸುಪಾಸಿನಲ್ಲಿ ಬಂದ, ಇಬ್ಬರಿಗೂ ಸೇರಿದ ಉಡುಗೊರೆಗಳ ಬಗ್ಗೆ ಮಾತ್ರ. 25ನೇ ಸೆಕ್ಷನ್ನಿನ ಶಾಶ್ವತ ಜೀವನಾಂಶ ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ಮೊತ್ತ, ಅದು ಪಾಲಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ದಂಪತಿಯ ಆಸ್ತಿ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರ ಕೊಟ್ಟಿತೇ ಹೊರತು ಹಂಚುವ ಸೂತ್ರ ಕೊಡಲಿಲ್ಲ. ಇಪ್ಪತ್ತು ವರ್ಷ ಅಡುಗೆ ಮಾಡಿ, ಮಕ್ಕಳನ್ನು ಸಾಕಿ, ಅತ್ತೆ-ಮಾವನನ್ನು ನೋಡಿಕೊಂಡವಳ ದುಡಿಮೆ ಕ್ರಯಪತ್ರದಲ್ಲಿ ಎಲ್ಲೂ ನಮೂದಾಗುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ಖಚಿತ ಅಭಿಪ್ರಾಯ.

ಪಕ್ಕದ ಗೋವಾದಲ್ಲಿ ಹೀಗಿಲ್ಲ. ಪೋರ್ಚುಗೀಸರ 1867ರ ಸಿವಿಲ್ ಸಂಹಿತೆಯಿಂದ ಬಂದ ಪದ್ಧತಿಯಂತೆ, ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಧರ್ಮ ಯಾವುದೇ ಇರಲಿ, ದಂಪತಿಯ ಆಸ್ತಿ ಇಬ್ಬರಿಗೂ ಸಮನಾಗಿ ಸೇರಿದ್ದು. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಮಸೂದೆಯೊಂದು ನಮ್ಮಲ್ಲೂ ಬಂದಿತ್ತು. ರಾಜ್ಯಸಭೆ 2013ರಲ್ಲಿ ಅದನ್ನು ಒಪ್ಪಿತು. ಲೋಕಸಭೆ ಒಪ್ಪಲಿಲ್ಲ.

ಸಾಲದ ಕಥೆ ಇನ್ನೂ ಕಷ್ಟದ್ದು. ಹೆಚ್ಚು ಮೊತ್ತ ಮಂಜೂರಾಗಲೆಂದು ಹೆಂಡತಿಯ ಸಂಬಳವನ್ನೂ ತೋರಿಸಿ ಗೃಹಸಾಲ ಪಡೆದು, ಮನೆಯನ್ನು ಮಾತ್ರ ಗಂಡನ ಹೆಸರಿಗೆ ನೋಂದಾಯಿಸಿದ್ದಾರೆ ಎನ್ನಿ. ಬೇರೆಯಾದ ಮೇಲೆ ಮನೆ ಅವನದು, ಸಾಲ ಇಬ್ಬರದು. ‘ಕಂತು ನಾನೇ ಕಟ್ಟುತ್ತೇನೆ’ ಎಂದು ಅವನು ರಾಜಿಪತ್ರದಲ್ಲಿ ಬರೆದುಕೊಟ್ಟರೂ ಬ್ಯಾಂಕಿಗೆ ಅದರ ಹಂಗಿಲ್ಲ. ಅವನು ತಪ್ಪಿದರೆ ನೋಟಿಸು ಆಕೆಗೂ ಬರುತ್ತದೆ, ಆಕೆಯ ಸಿಬಿಲ್ ಅಂಕವೂ ಕುಸಿಯುತ್ತದೆ. ಜೀವನಾಂಶದ ಮೊಕದ್ದಮೆಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕೆಂದು 2020ರಲ್ಲಿ ರಜನೀಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿತು. ಲೆಕ್ಕ ಹೊರಬರುವುದಕ್ಕೆ ಇದರಿಂದ ದಾರಿಯಾಗಿದೆ, ಹಂಚಿಕೆಗೆ ಆಗಿಲ್ಲ.

ಕಾನೂನು ಬರುವ ತನಕ ಒಡವೆಯ ಬಿಲ್ಲುಗಳನ್ನು ಜೋಪಾನವಾಗಿಡಿ. ಮನೆಯ ಕ್ರಯಪತ್ರದಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಆ ಮನೆಯ ಸಾಲದ ಅರ್ಜಿಗೆ ಸಹಿ ಹಾಕಬೇಡಿ.